ಕೇಳುವವರ ಊರು

ಬನಹಟ್ಟಿಯಲ್ಲಿ ಪಾವರ್‌ಲೂಮಿನ ಸದ್ದು ಹೊಸಬರಿಗೆ ಕಿವಿಗಿಂತ ಮೊದಲು ಅಂಗಾಲಿಗೆ ತಾಕುತ್ತದೆ. ಓಣಿಗೆ ಕಾಲಿಟ್ಟರೆ ಸಾಕು, ಮನೆ ಮುಂದಿನ ಕಟ್ಟೆಯ ಕಲ್ಲು ಸಣ್ಣಗೆ ನಡುಗುತ್ತಿರುತ್ತದೆ. ನಮ್ಮ ಸೋದರಮಾವನ ಶೆಡ್ಡಿನಲ್ಲಿ ನಾಲ್ಕು ಮಗ್ಗಗಳಿವೆ. ಅವು ನಾಲ್ಕೂ ಓಡುವಾಗ ಪಕ್ಕದಲ್ಲಿ ನಿಂತವರಿಗೆ ಏನಾದರೂ ಹೇಳಬೇಕಾದರೆ ಕಿವಿಗೆ ಬಾಯಿ ಹಚ್ಚಿ ಒದರಬೇಕು. ಹೀಗಾಗಿ ಅಲ್ಲಿ ಮಾತು ಕಡಿಮೆ, ಕೈಸನ್ನೆಯೇ ಹೆಚ್ಚು. ಎಳೆ ಹರಿದರೆ ಕಣ್ಣು ಗುರುತಿಸುತ್ತದೆ, ಬೆರಳು ಗಂಟು ಹಾಕುತ್ತದೆ, ಮಗ್ಗ ಮತ್ತೆ ಓಡುತ್ತದೆ. ಕಿವಿಗೆ ಮಾತ್ರ ಕೆಲಸವಿಲ್ಲ.

ಈಚಿನ ವರ್ಷಗಳಲ್ಲಿ ಆ ಕಿವಿಗೂ ಕೆಲಸ ಸಿಕ್ಕಿದೆ. ಮಾಮಾನ ಬನಿಯನ್ನಿನ ಒಳಗಿಂದ ಇಯರ್‌ಫೋನಿನ ತಂತಿ ಮೇಲೆ ಬಂದು ಎರಡು ಕಿವಿಗೂ ಸೇರಿರುತ್ತದೆ. ಕಳೆದ ಸಲ ಹೋದಾಗ ಏನು ಕೇಳುತ್ತಿದ್ದಿ ಎಂದು ಸನ್ನೆಯಲ್ಲೇ ಕೇಳಿದೆ. ಒಂದು ಕಿವಿಯದನ್ನು ತೆಗೆದು ನನಗೆ ಕೊಟ್ಟ. ಒಳಗೆ ಬೆಂಗಳೂರು ಕಡೆಯ ಕನ್ನಡದಲ್ಲಿ ಇಬ್ಬರು ಮಾತಾಡುತ್ತಿದ್ದರು. ವಿಷಯ ರೆಪೊ ದರ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಶೇ 5.5ಕ್ಕೆ ಇಳಿಸಿತ್ತು, ಹಾಗೆ ಇಳಿಸಿದರೆ ಮನೆಸಾಲದ ಕಂತು ಹೇಗೆ ಕಡಿಮೆಯಾಗುತ್ತದೆ ಎಂದು ಬಿಡಿಸಿ ಹೇಳುತ್ತಿದ್ದರು. ಚೆನ್ನಾಗಿಯೇ ಹೇಳುತ್ತಿದ್ದರು. ಊಟಕ್ಕೆ ಕೂತಾಗ ಮಾಮಾ ಅಂದ: ‘ತಮ್ಮಾ, ಅವ್ರು ಹೇಳೂದೆಲ್ಲಾ ತಿಳೀತೈತಿ. ಆದ್ರ ನೂಲ ಕೊಡೂ ಸಾವಕಾರನ ಬಡ್ಡಿ ಯಾವಾಗ ಇಳೀತೈತಿ? ಅದನ್ನ ಅಲ್ಲಿ ಯಾರೂ ಕೇಳೂದಿಲ್ಲ.’

‘ಕೇಳು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಕಿವಿಯಿಂದ ಕೇಳುವುದೂ ಕೇಳುವುದೇ, ಬಾಯಿಂದ ಪ್ರಶ್ನೆ ಹಾಕುವುದೂ ಕೇಳುವುದೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಈ ನಾಲ್ಕು ತಾಲ್ಲೂಕುಗಳು ಮೊದಲ ಅರ್ಥದಲ್ಲಿ ಮಾತ್ರವಲ್ಲ, ಎರಡನೆಯ ಅರ್ಥದಲ್ಲೂ ಕೇಳುವವರ ಊರುಗಳಾಗಿದ್ದವು. ಇಂದಿನ ಪಾಡ್‌ಕಾಸ್ಟ್ ಕಾಲದಲ್ಲಿ ಮೊದಲನೆಯ ಕೇಳುವಿಕೆ ಹೆಚ್ಚಿದೆ, ಎರಡನೆಯದು ಸಣ್ಣಗಾಗಿದೆ. ಈ ಲೇಖನ ಅದನ್ನು ಕುರಿತದ್ದು.

ಮೊದಲು ಮಗ್ಗದ ಮನೆಯನ್ನೇ ನೋಡೋಣ. ಅಜ್ಜನ ಕಾಲದಲ್ಲಿ ಅಲ್ಲಿ ಇದ್ದದ್ದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಲಾಳಿ ಹೋಗಿ ಬರುವ ಸದ್ದಿಗೆ ಒಂದು ಲಯವಿತ್ತು, ಎರಡು ಸದ್ದಿನ ನಡುವೆ ಮಾತಿಗೆ ಜಾಗವಿತ್ತು. ಅದೇ ಕೋಣೆಯಲ್ಲಿ ಅಜ್ಜಿ ರಾಟಿ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದಳು. ಗೂಡಿನಲ್ಲಿ ರೇಡಿಯೊ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಆರಂಭಿಸಿದ್ದು ನಮ್ಮ ಕಡೆಯವರಿಗೆ ದೂರದ ಸುದ್ದಿ. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಶುರುವಾದ ಮೇಲೆ ರೇಡಿಯೊ ಮನೆಯ ಮಾತಾಯಿತು. ಹಳ್ಳಿಯವರಿಗಾಗಿ ಬರುವ ಕಾರ್ಯಕ್ರಮದಲ್ಲಿ ಒಬ್ಬ ಬೀಜದ ಬಗ್ಗೆ ಕೇಳುತ್ತಿದ್ದ, ಇನ್ನೊಬ್ಬ ಗೊಬ್ಬರದ ಬಗ್ಗೆ ಹೇಳುತ್ತಿದ್ದ, ಅದೂ ನಮ್ಮ ಮಾತಿನಲ್ಲೇ. ಅಜ್ಜ ನೇಯುತ್ತಲೇ ರೇಡಿಯೊದವನಿಗೆ ಉತ್ತರ ಕೊಡುತ್ತಿದ್ದನಂತೆ, ಅಜ್ಜಿ ಅದಕ್ಕೆ ಎದುರುತ್ತರ. ಒಂದು ದನಿ ಬಂದರೆ ಇಡೀ ಕೋಣೆ ಮಾತಿಗಿಳಿಯುತ್ತಿತ್ತು. ಪಾವರ್‌ಲೂಮ್ ದುಡಿಮೆ ಹೆಚ್ಚಿಸಿತು, ಹೊಟ್ಟೆಗೆ ಕೊಟ್ಟಿತು, ಅದನ್ನು ಬಯ್ಯಲು ನನಗೆ ಮನಸ್ಸಿಲ್ಲ. ಆದರೆ ಮಗ್ಗದ ಕೋಣೆಯ ಆ ಹರಟೆಯನ್ನು ಅದು ನುಂಗಿತು. ಇಯರ್‌ಫೋನ್ ಮಾತನ್ನು ಮರಳಿ ತಂದಿದೆ, ಒಬ್ಬೊಬ್ಬರ ಕಿವಿಯೊಳಗೆ ಬೇರೆ ಬೇರೆಯಾಗಿ.

ಈ ನೆಲದಲ್ಲಿ ಮಾತನ್ನು ಕಲೆಯಾಗಿಸಿದ ದೊಡ್ಡ ಹೆಸರು ಮಹಾಲಿಂಗಪುರದ ಇಬ್ರಾಹಿಂ ಸುತಾರರದು. 1940ರಲ್ಲಿ ಹುಟ್ಟಿದ ಅವರು ಶಾಲೆಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಹೊಟ್ಟೆಪಾಡಿಗೆ ನೇಕಾರಿಕೆ. ಭಜನೆಯ ಮೇಳದಲ್ಲಿ ಕೂತು ತತ್ವಪದ, ವಚನ ಕಲಿತರು. ಕುರಾನಿನ ಜೊತೆಗೇ ಉಪನಿಷತ್ತಿನ ಮಾತೂ ಅವರಿಗೆ ಸಲೀಸಾಯಿತು. 1970ರಲ್ಲಿ ಭಾವೈಕ್ಯ ಜನಪದ ಸಂಗೀತ ಮೇಳ ಕಟ್ಟಿದರು. ಅವರ ಕಾರ್ಯಕ್ರಮ ಕೇಳಿದವರಿಗೆ ಗೊತ್ತು, ಅದು ಬರೀ ಹಾಡಿನ ಕಾರ್ಯಕ್ರಮವಾಗಿರಲಿಲ್ಲ. ಹಾಡು ಮುಗಿದ ಕೂಡಲೇ ಮೇಳದವನೊಬ್ಬ ಪ್ರಶ್ನೆ ಎತ್ತುತ್ತಿದ್ದ. ದೇವರು ಒಬ್ಬನೇ ಆದರೆ ಇಷ್ಟು ಗುಡಿ, ಇಷ್ಟು ಮಸೀದಿ ಯಾಕೆ ಎನ್ನುವಂಥ, ಸಂತೆಯಲ್ಲಿ ಯಾರಾದರೂ ಕೇಳಬಹುದಾದ ಪ್ರಶ್ನೆ. ಸುತಾರರು ಉತ್ತರಿಸುತ್ತಿದ್ದರು. ಕೇಳುವವನು ಅಷ್ಟಕ್ಕೆ ಬಿಡುತ್ತಿರಲಿಲ್ಲ, ಅಡ್ಡಪ್ರಶ್ನೆ ಹಾಕುತ್ತಿದ್ದ, ಜನ ನಗುತ್ತಿದ್ದರು, ಆ ನಗುವಿನೊಳಗಿಂದಲೇ ಉತ್ತರ ಇನ್ನೊಂದು ಹೆಜ್ಜೆ ಒಳಗೆ ಇಳಿಯುತ್ತಿತ್ತು. ಈ ಸಂವಾದಗಳು ಕ್ಯಾಸೆಟ್ಟಾಗಿ ಊರೂರು ತಿರುಗಿದವು. ಮೇಳ ಬಾರದ ಹಳ್ಳಿಗೂ ಕ್ಯಾಸೆಟ್ ಹೋಯಿತು. 2018ರಲ್ಲಿ ಪದ್ಮಶ್ರೀ ಬಂತು. 2022ರ ಫೆಬ್ರುವರಿ 5ರಂದು ಅವರು ತೀರಿಕೊಂಡರು.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಕೇಳುವಿಕೆಯೂ ಬೆಳೆದಿದೆ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಬೆಳಗಿನ ಚಳಿಯಲ್ಲಿ ಸಾವಿರಾರು ಜನ ಕೂತಿರುತ್ತಿದ್ದರು, ಸೂಜಿ ಬಿದ್ದರೂ ಕೇಳಿಸುವಂಥ ಮೌನ. 2023ರ ಜನವರಿ 2ರಂದು ಅವರು ದೇಹ ಬಿಟ್ಟ ಮೇಲೂ ಆ ದನಿ ಸಾವಿರಾರು ಫೋನುಗಳಲ್ಲಿ ದಿನವೂ ಮಾತಾಡುತ್ತಿದೆ. ನನ್ನ ಪಾಲಿಗೆ ಆ ಪ್ರವಚನಗಳು ದೊಡ್ಡ ಆಸರೆ. ಆದರೂ ಪ್ರವಚನ ಬೇರೆ, ಸಂವಾದ ಬೇರೆ. ಪ್ರವಚನದಲ್ಲಿ ದನಿ ಒಂದು, ಕೇಳುಗನ ಪಾಲಿಗೆ ಮೌನ. ಸಂವಾದದಲ್ಲಿ ದನಿ ಎರಡು, ಎರಡನೆಯದು ಕೇಳುಗನ ಪರವಾಗಿ ನಿಂತದ್ದು. ಇವತ್ತು ಪಾಡ್‌ಕಾಸ್ಟ್ ಎಂದು ಕರೆಸಿಕೊಳ್ಳುವ ಎಷ್ಟೋ ಮಾತುಕತೆಗಳು ನಿಜವಾಗಿ ಪ್ರವಚನಗಳೇ. ಮೈಕಿನ ಮುಂದೆ ಇಬ್ಬರು ಕೂತಿದ್ದರೂ ಇಬ್ಬರೂ ಒಂದೇ ಕಡೆಯವರಾಗಿರುತ್ತಾರೆ.

ಎರಡು ದನಿಯ ಈ ರೂಢಿ ಸುತಾರರಿಗಿಂತ ಬಹಳ ಹಳೆಯದು. ಗೀಗೀ ಮೇಳದಲ್ಲಿ ಹರದೇಶಿ–ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರು ಪುರುಷ ಹೆಚ್ಚು ಎನ್ನಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನಬೇಕು. ದಪ್ಪು, ತುಂತುಣಿಯ ಜೊತೆಗೆ ಇಡೀ ರಾತ್ರಿ ಸವಾಲು ಜವಾಬು. ಸವಾಲು ಹಾಕಿದವನಿಗೆ ಜವಾಬು ಹೇಳಿದವನಷ್ಟೇ ಮರ್ಯಾದೆ. ಇನ್ನೂ ಹಿಂದೆ ಹೋದರೆ ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನಿದ್ದಾನೆ. ಅವನ ‘ಗದಾಯುದ್ಧ’ದ ಜೀವ ಇರುವುದು ಮಾತಿನ ಪೆಟ್ಟಿನಲ್ಲಿ. ಬಿ.ಎಂ. ಶ್ರೀಕಂಠಯ್ಯನವರಿಗೆ ಅದು ನಾಟಕವಾಗಿ ಕಂಡದ್ದು, ಅವರು ಅದನ್ನು ನಾಟಕವಾಗಿಯೇ ಅಳವಡಿಸಿದ್ದು ಇದಕ್ಕೇ. ಬೀಳಗಿಯದು ಬೇರೆ ಕತೆ: ಆ ಸಣ್ಣ ಊರಿನ ಅಮೀರ್‌ಬಾಯಿ ಕರ್ನಾಟಕಿಯ ದನಿ ಗ್ರಾಮಫೋನಿನ ತಟ್ಟೆಯ ಮೇಲೆ, ಸಿನಿಮಾದ ಪರದೆಯ ಹಿಂದಿನಿಂದ ಇಡೀ ದೇಶಕ್ಕೆ ಕೇಳಿಸಿತು. 1943ರ ‘ಕಿಸ್ಮತ್’ ಹಾಡುಗಳನ್ನು ಇವತ್ತಿಗೂ ಕೇಳುವವರಿದ್ದಾರೆ.

ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಸಂಸ್ಥಾನಗಳ ಕಾಲದಲ್ಲಿ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಒಂದಕ್ಕೊಂದು ಅಂಟಿಕೊಂಡ ರಬಕವಿ, ಬನಹಟ್ಟಿಗಳಲ್ಲೂ ಒಂದು ಸಾಂಗ್ಲಿ ಸಂಸ್ಥಾನಕ್ಕೆ, ಇನ್ನೊಂದು ಜಮಖಂಡಿಗೆ ಸೇರಿತ್ತು. ಆಳುವವರು ಬೇರೆ ಬೇರೆಯಾದರೂ ಮೇಳ ಒಂದೇ, ಸಂತೆ ಒಂದೇ, ಮಾತೂ ಒಂದೇ. ಮಾತಿಗೆ ಗಡಿಕಲ್ಲು ಇರಲಿಲ್ಲ.

ಇನ್ನು ಪಾಡ್‌ಕಾಸ್ಟಿಗೆ ಬರೋಣ. 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್ಲಿ ಬರೆದ ಲೇಖನದಲ್ಲಿ ಈ ಪದ ಹುಟ್ಟಿತು. ಐಪಾಡಿನ ‘ಪಾಡ್’, ಬ್ರಾಡ್‌ಕಾಸ್ಟಿನ ‘ಕಾಸ್ಟ್’ ಸೇರಿ ಆದ ಹೆಸರು. ಬೇಕಾದಾಗ ಇಳಿಸಿಕೊಂಡು, ಬೇಕಾದಾಗ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಕೇಳುವ ಮಾತು, ಅಷ್ಟೇ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಅದು ನಮ್ಮ ಮಗ್ಗದ ಶೆಡ್ಡಿಗೂ ಬಂತು. ಕನ್ನಡದಲ್ಲಿ ಪ್ರಚಲಿತ ಸಂಗತಿ, ಅರ್ಥವ್ಯವಸ್ಥೆ, ಸಂಸ್ಕೃತಿ, ಪುಸ್ತಕಗಳ ಬಗ್ಗೆ ಗಂಭೀರವಾಗಿ, ಆದರೆ ಬಿಗಿಯಿಲ್ಲದೆ ಮಾತಾಡಬಹುದು ಎಂದು ತೋರಿಸಿಕೊಟ್ಟವರಲ್ಲಿ ‘ತಲೆ-ಹರಟೆ’ಯವರು ಮುಖ್ಯರು. 2018ರಲ್ಲಿ ಶುರುವಾದ ಅದನ್ನು ಪವನ್ ಶ್ರೀನಾಥ್, ಸೂರ್ಯ ಪ್ರಕಾಶ್, ಗಣೇಶ್ ಚಕ್ರವರ್ತಿ ಕಟ್ಟಿದರು. ಸಾರ್ವಜನಿಕ ನೀತಿ, ವಿಜ್ಞಾನ, ಇತಿಹಾಸದಂಥ ವಿಷಯಗಳನ್ನು ತಜ್ಞರ ಜೊತೆ ಕೂತು ಕನ್ನಡದಲ್ಲೇ ಬಿಡಿಸಿದರು. ಇಂಗ್ಲಿಷಿನಲ್ಲೇ ಓದಿ ಕಲಿತ ಸಂಗತಿಗೆ ಕನ್ನಡದಲ್ಲಿ ಮಾತು ಹುಡುಕುವುದು ಎಷ್ಟು ಕಷ್ಟ ಎಂದು ಪ್ರಯತ್ನಿಸಿದವರಿಗೇ ಗೊತ್ತು. ‘ಋತುಮಾನ’ದಂಥ ತಾಣ ಲೇಖಕರ ಮಾತುಕತೆಗೆ ಜಾಗ ಮಾಡಿಕೊಟ್ಟಿತು, ‘ಪ್ರಜಾವಾಣಿ’ ತನ್ನ ಸಂಪಾದಕೀಯವನ್ನು ಓದಿ ಕೇಳಿಸುತ್ತದೆ, ‘ಮೈಲ್ಯಾಂಗ್’ ಕನ್ನಡ ಪುಸ್ತಕಗಳನ್ನು ಕಿವಿಗೆ ತಲುಪಿಸುತ್ತಿದೆ. ಇವರೆಲ್ಲರಿಗೂ ನನ್ನ ಕೃತಜ್ಞತೆ ಇದೆ. ನನ್ನ ದೂರು ಅವರ ಮೇಲಲ್ಲ. ಅವರು ತಮ್ಮ ಊರಿನ ಪ್ರಶ್ನೆಗಳನ್ನು ತಾವು ಕೇಳಿಕೊಂಡರು. ನಮ್ಮ ಊರಿನವು ನಮ್ಮವರ ಬಾಯಲ್ಲೇ ಉಳಿದಿವೆ.

ಊರಿನ ಪ್ರಶ್ನೆ ಎಂದರೆ ಏನೆಂದು ಕಬ್ಬಿನ ಲೆಕ್ಕದಲ್ಲಿ ತೋರಿಸುತ್ತೇನೆ. 2025ರ ಅಕ್ಟೋಬರ್ ಕೊನೆಯಿಂದ ಮುಧೋಳದ ಆಚೆ, ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕೂತರು. ಟನ್ನಿಗೆ 3,500 ರೂಪಾಯಿ ಬೇಕು ಎಂಬುದು ಬೇಡಿಕೆ. ಕಾವು ನಮ್ಮ ನಾಲ್ಕೂ ತಾಲ್ಲೂಕಿಗೆ ಹಬ್ಬಿತು. ಆ ದಿನಗಳಲ್ಲಿ ಬೆಂಗಳೂರಿನ ಗೆಳೆಯರೊಬ್ಬರು ನನಗೆ ಫೋನು ಮಾಡಿ ಪ್ರಾಮಾಣಿಕವಾಗಿ ಕೇಳಿದರು: ‘ಕೇಂದ್ರ ಸರ್ಕಾರವೇ ಈ ಹಂಗಾಮಿಗೆ ಕ್ವಿಂಟಲ್‌ಗೆ 355 ಎಂದು ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಘೋಷಿಸಿದೆಯಲ್ಲ. ಟನ್ನಿಗೆ 3,550 ಆಯಿತು. ಅದಕ್ಕಿಂತ 50 ಕಡಿಮೆ ಕೊಡಿ ಎಂದು ಯಾರಾದರೂ ಹೋರಾಡುತ್ತಾರಾ?’

ಕಾಗದದ ಮೇಲೆ ಅವರ ಲೆಕ್ಕ ಸರಿ. ತಪ್ಪು ಎಲ್ಲಿದೆ ಎಂದು ಮುಧೋಳದ ಯಾವ ರೈತನಾದರೂ ಹೇಳಬಲ್ಲ. ಆ 355 ಎಂಬುದು ನೂರು ಕಿಲೊ ಕಬ್ಬಿನಿಂದ ಹತ್ತೂಕಾಲು ಕಿಲೊ ಸಕ್ಕರೆ ಬಂದರೆ ಸಿಗುವ ದರ. ಇದಕ್ಕೇ ಇಳುವರಿ ಎನ್ನುತ್ತಾರೆ, ನಮ್ಮ ಕಡೆ ರಿಕವರಿ ಎಂದೇ ರೂಢಿ. ರಿಕವರಿ ಶೇ 0.1 ಹೆಚ್ಚಾದರೆ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಹೆಚ್ಚು. ಶೇ 11.25 ಬಂದರೆ ಟನ್ನಿಗೆ 3,896. ಆದರೆ ಆ ದುಡ್ಡು ಇಡಿಯಾಗಿ ರೈತನ ಖಾತೆಗೆ ಬರುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಕೂಲಿ, ಟ್ರ್ಯಾಕ್ಟರಿನ ಬಾಡಿಗೆಯನ್ನು ಕಾರ್ಖಾನೆ ಅದರಲ್ಲೇ ಮುರಿದುಕೊಳ್ಳುತ್ತದೆ. ರೈತ 3,500 ಎಂದದ್ದು ಹಾಗೆ ಮುರಿದುಕೊಂಡ ಮೇಲೆ ಕೈಗೆ ಬರಬೇಕಾದ ಹಣ. ಕೊನೆಗೆ ನವೆಂಬರ್ 7ರಂದು ಸರ್ಕಾರ 3,300ಕ್ಕೆ ತೀರ್ಮಾನಿಸಿದ್ದೂ ಇದೇ ಲೆಕ್ಕದಲ್ಲಿ.

ಇಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. ರಿಕವರಿ ಒಬ್ಬೊಬ್ಬರ ಕಬ್ಬಿಗೆ ಬೇರೆ ಬೇರೆ ಅಳೆಯುವುದಲ್ಲ, ಕಾರ್ಖಾನೆಯ ಸರಾಸರಿ. ಒಬ್ಬ ಮೈಮುರಿದು ದುಡಿದು ಸಿಹಿ ಹೆಚ್ಚಿರುವ ಕಬ್ಬು ಬೆಳೆದರೂ, ಸಕಾಲಕ್ಕೆ ಗ್ಯಾಂಗ್ ಬಾರದೆ ಒಣಗಿದ ಕಬ್ಬು ಕಳಿಸಿದವನ ಜೊತೆ ಅದೇ ದರ ಹಂಚಿಕೊಳ್ಳಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಹಾಕಿದ 14 ದಿನದೊಳಗೆ ಬಿಲ್ಲು ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಈ ಬಡ್ಡಿಯ ಮಾತು ಕಾನೂನಿನಲ್ಲಿದೆ ಎಂದು ಎಷ್ಟು ಜನರಿಗೆ ಗೊತ್ತು? 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70ರಷ್ಟು ರೈತನಿಗೆ ಹೋಗಬೇಕು ಎಂದಿತ್ತು. ಆಮೇಲೆ ಎಥೆನಾಲ್ ದೊಡ್ಡ ವ್ಯಾಪಾರವಾಯಿತು. ಆ ಪಾಲಿನ ಲೆಕ್ಕ ಇವತ್ತು ಹೇಗೆ ಹಾಕಬೇಕು? ಕಾರ್ಖಾನೆ ನಡೆಸುವವರಿಗೂ ಅವರದೇ ಪ್ರಶ್ನೆಗಳಿವೆ: ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರುವರಿಯಲ್ಲಿ ಕಿಲೊಗೆ 31 ರೂಪಾಯಿ ಮಾಡಿದರು, ಅಲ್ಲಿಂದ ಈಚೆಗೆ ಕಬ್ಬಿನ ದರ ಏರುತ್ತ ಬಂದಿದೆ. ರೈತ, ಕಾರ್ಖಾನೆಯ ಲೆಕ್ಕದವರು, ಗ್ಯಾಂಗಿನ ಮುಕಾದಮ, ಒಬ್ಬ ಅರ್ಥಶಾಸ್ತ್ರಜ್ಞ, ಈ ನಾಲ್ವರನ್ನು ಎರಡು ತಾಸು ಕೂಡಿಸಿ ಮಾತಾಡಿಸಿದರೆ ಕನ್ನಡದಲ್ಲಿ ಅರ್ಥಶಾಸ್ತ್ರದ ಒಳ್ಳೆಯ ಪಾಠವೊಂದು ಸಿದ್ಧವಾಗುತ್ತದೆ. ‘ರಿಕವರಿ ಅಂದ್ರ ಏನಪಾ, ಅದನ್ನ ಅಳಿಯಾಂವ ಯಾರು?’ ಎಂದು ಕೇಳುವ ಒಬ್ಬ ಅಲ್ಲಿರಬೇಕು. ಸುತಾರರ ಮೇಳದಲ್ಲಿ ಇದ್ದನಲ್ಲ, ಅಂಥವನು.

ಬೀಳಗಿಗೆ ಹೋದರೆ ಮಾತೆಲ್ಲ ಮುಳುಗಡೆಯದು. ಆಲಮಟ್ಟಿ ಅಣೆಕಟ್ಟಿನ ನೀರು ಈಗ ನಿಲ್ಲುವುದು 519.6 ಮೀಟರಿಗೆ. 2010ರ ಡಿಸೆಂಬರಿನಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ನಡುವಿನ ಈ ನಾಲ್ಕೂವರೆ ಮೀಟರಿನಲ್ಲಿ 75 ಸಾವಿರ ಎಕರೆಗೂ ಹೆಚ್ಚು ನೆಲವಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಪರಿಹಾರ ಎಂದು ನಿಗದಿ ಮಾಡಿತು. ಇದರಲ್ಲಿ ನೂರು ಪ್ರಶ್ನೆಗಳಿವೆ. ಬೋರ್‌ವೆಲ್ ಇದ್ದ ಹೊಲ ನೀರಾವರಿಯೋ ಒಣಭೂಮಿಯೋ? ಅಣ್ಣತಮ್ಮಂದಿರ ಹೆಸರು ಉತಾರದಲ್ಲಿ ಜಂಟಿಯಾಗಿದ್ದರೆ? ಊರೇ ಎದ್ದು ಹೋದರೆ ಗುಡಿಯ ಜಾತ್ರೆ ಎಲ್ಲಿ? ಕಾಗದಪತ್ರ ಓದಲು ಬಾರದ ಅವ್ವನಿಗೆ ಇದನ್ನು ದನಿಯಲ್ಲೇ ಹೇಳಬೇಕು. ರಬಕವಿ-ಬನಹಟ್ಟಿಯ ಮಾತು ನೂಲಿನದು, ಕರೆಂಟಿನದು. 10 ಎಚ್‌ಪಿವರೆಗಿನ ಮಗ್ಗಕ್ಕೆ ವಿದ್ಯುತ್ ಉಚಿತವಾದ ಮೇಲೆ ನೇಕಾರನ ತಿಂಗಳ ಲೆಕ್ಕ ಎಷ್ಟು ಬದಲಾಯಿತು, ನೂಲಿನ ದರದ ಏರಿಳಿತ ಅದರಲ್ಲಿ ಎಷ್ಟು ತಿಂದಿತು ಎಂಬುದು ಅಲ್ಲಿನ ಮಾತು.

ಪುಸ್ತಕಗಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚಿನ ಆಸೆ. ಅಮೀರ್‌ಬಾಯಿಯ ಬಗ್ಗೆ ರಹಮತ್ ತರೀಕೆರೆಯವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅದರ ಮಾತುಕತೆ ಬೀಳಗಿಯಲ್ಲೇ ನಡೆಯಬೇಕು. ಪುಸ್ತಕ ಓದಿದವರು ಒಂದು ಕಡೆ, ಆ ಹಾಡುಗಳನ್ನು ಮನೆಯ ಹಿರಿಯರ ಬಾಯಿಂದ ಕೇಳಿದವರು ಇನ್ನೊಂದು ಕಡೆ ಕೂರಬೇಕು. ಗಲಗಲಿಯಲ್ಲಿ ಹುಟ್ಟಿ, ಜಮಖಂಡಿಯ ಹತ್ತಿರದ ಕಲ್ಲಹಳ್ಳಿಯಲ್ಲಿ ನೆಲೆ ನಿಂತು, ಬರೆಯುತ್ತಲೇ ಮಣ್ಣಿನಲ್ಲಿ ಕೈಯಾಡಿಸಿದ ಸತ್ಯಕಾಮರ ‘ಪಂಚಮಗಳ ನಡುವೆ’ ಓದಿ ಬೆರಗಾದವರು ನಾಡಿನ ತುಂಬ ಇದ್ದಾರೆ. ಸತ್ಯಕಾಮರ ಒಕ್ಕಲುತನವನ್ನು ಕಣ್ಣಾರೆ ಕಂಡವರ ಮಾತು ಆ ಓದುಗರಿಗೆ ಸಿಗಬೇಡವೇ? ಹೊಸ ಪುಸ್ತಕವೊಂದು ಬಂದರೆ ಧಾರವಾಡದಲ್ಲಿ ಬಿಡುಗಡೆ, ಬೆಂಗಳೂರಿನಲ್ಲಿ ಚರ್ಚೆ. ಪುಸ್ತಕದಲ್ಲಿರುವ ಊರು ಅದನ್ನು ಕೊನೆಗೆ ಓದುತ್ತದೆ, ಎಷ್ಟೋ ಸಲ ಓದುವುದೇ ಇಲ್ಲ.

ಭಾಷೆಯ ಬಗ್ಗೆ ಒಂದು ಹಿಂಜರಿಕೆ ನಮ್ಮವರಲ್ಲಿದೆ. ಮೈಕು ಕಂಡ ಕೂಡಲೇ ‘ಐತಿ’ ಹೋಗಿ ‘ಇದೆ’ ಬರುತ್ತದೆ, ‘ಹೋಗೂಣು’ ಹೋಗಿ ‘ಹೋಗೋಣ’ ಬರುತ್ತದೆ. ನಾನೂ ಇದನ್ನು ಬರೆಯುತ್ತಿರುವುದು ಆ ಕನ್ನಡದಲ್ಲೇ. ಬರವಣಿಗೆಗೆ ಅದು ಸರಿ ಇರಬಹುದು. ಮಾತಿಗೆ ಬೇಡ. ಜವಾರಿ ಕನ್ನಡ ಬರೀ ನಗಿಸಲಿಕ್ಕೆ ಇರುವುದು ಎಂದು ಸಿನಿಮಾ, ಕಿರುವಿಡಿಯೊಗಳು ನಂಬಿಸಿಬಿಟ್ಟಿವೆ. ಅದೇ ಭಾಷೆಯಲ್ಲಿ ಸುತಾರರು ಅದ್ವೈತ ಬಿಡಿಸಿದರು. ರೆಪೊ ದರ ಬಿಡಿಸುವುದು ಅದಕ್ಕಿಂತ ಕಷ್ಟವಲ್ಲ.

ಅವಸರವೂ ಇದೆ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ದುಡ್ಡು ಕೂಡಿಸಿ, ಮೈ ಬಗ್ಗಿಸಿ ಬ್ಯಾರೇಜ್ ಕಟ್ಟಿದರು. ಸಿದ್ದು ನ್ಯಾಮಗೌಡರು ಅದರ ಮುಂದಾಳು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು, ಅವರಿಗೆ ಬ್ಯಾರೇಜ್ ಸಿದ್ದು ಎಂದೇ ಹೆಸರಾಯಿತು. 1991ರಲ್ಲಿ ಬಾಗಲಕೋಟೆಯ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು, ಕೇಂದ್ರದಲ್ಲಿ ಮಂತ್ರಿಯಾದರು. ಆದರೆ ಬ್ಯಾರೇಜ್ ಕಟ್ಟಿದ್ದು ಕಲ್ಲು-ಸಿಮೆಂಟಿಗಿಂತ ಮೊದಲು ಮಾತಿನಿಂದ. ಹಳ್ಳಿ ಹಳ್ಳಿಯ ಕಟ್ಟೆಯ ಮೇಲೆ ಕೂತು, ನಿನ್ನ ಪಾಲೆಷ್ಟು, ನನ್ನ ಪಾಲೆಷ್ಟು, ನೀರು ನಿಂತರೆ ಯಾರ ಹೊಲ ತೊಯ್ಯುತ್ತದೆ ಎಂದು ನಡೆದ ಮಾತು. ನ್ಯಾಮಗೌಡರು 2018ರ ಮೇ 28ರಂದು ತುಳಸಿಗೇರಿಯ ಬಳಿ ಅಪಘಾತದಲ್ಲಿ ತೀರಿಕೊಂಡರು. ಅಂದು ಮೂವತ್ತರ ಹರೆಯದಲ್ಲಿ ಕಲ್ಲು ಹೊತ್ತವರಿಗೆ ಈಗ ಅರವತ್ತೈದು ದಾಟಿದೆ. ಅವರ ಮಾತು ದಾಖಲಾಗಲು ದೊಡ್ಡ ಸ್ಟುಡಿಯೊ ಬೇಕಿಲ್ಲ. ಒಂದು ಫೋನು, ಕೊರಳಿಗೆ ಸಿಗಿಸುವ ಸಣ್ಣ ಮೈಕು, ಫ್ಯಾನು ಬಂದ್ ಮಾಡಿದ ಒಂದು ಕೋಣೆ ಸಾಕು. ಜಮಖಂಡಿಯ ಕಾಲೇಜಿನ ಹುಡುಗ ಹುಡುಗಿಯರ ಕೈಯಲ್ಲಿ ಇವೆಲ್ಲ ಇವೆ. ಕೇಳಬೇಕಾದ ಪ್ರಶ್ನೆಗಳೂ ಅವರ ಮನೆಯಲ್ಲೇ ಇವೆ.

ಮೊನ್ನೆ ಮಾಮಾನ ಶೆಡ್ಡಿನಲ್ಲಿ ಕೂತಿದ್ದಾಗ ಕರೆಂಟ್ ಹೋಯಿತು. ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಓಣಿಯ ಎಲ್ಲ ಶೆಡ್ಡುಗಳೂ ನಿಂತವು. ಆ ಮೌನ ಎಷ್ಟು ದಪ್ಪವಾಗಿತ್ತೆಂದರೆ ಮೂರನೇ ಮನೆಯ ಕೂಸಿನ ಕೆಮ್ಮು ಕೇಳಿಸಿತು. ಒಬ್ಬೊಬ್ಬರಾಗಿ ಕಿವಿಯೊಳಗಿನದನ್ನು ಕಿತ್ತು ಕೊರಳಿಗೆ ಹಾಕಿಕೊಂಡು ಕಟ್ಟೆಗೆ ಬಂದರು. ಒಬ್ಬ ಪ್ರವಚನ ಕೇಳುತ್ತಿದ್ದ, ಇನ್ನೊಬ್ಬ ಜನಪದ ಹಾಡು, ಮತ್ತೊಬ್ಬ ಯಾರೋ ಷೇರಿನ ಬಗ್ಗೆ ಹೇಳುವುದನ್ನು. ಷೇರಿನವನಿಗೆ ಮಾಮಾ ಕೇಳಿದ: ‘ಅಲ್ಲೋ, ಆ ಕಂಪನಿ ನೆಟ್ಟಗ ನಡದರ ಅದರ ಷೇರ್ ಯಾಕ ಬೀಳ್ತೈತಿ?’ ಅವನು ಹೇಳಲು ನೋಡಿದ, ಅರ್ಧಕ್ಕೆ ತೊಡಕಾಯಿತು. ಪ್ರವಚನದವನು ನಡುವೆ ಬಾಯಿ ಹಾಕಿದ, ಬಾಗಿಲಲ್ಲಿ ಕಂಡಿಕೆ ಬುಟ್ಟಿ ಹಿಡಿದು ನಿಂತಿದ್ದ ಅತ್ತಿಯೂ ಒಂದು ಮಾತು ಸೇರಿಸಿದಳು. ನಾನು ಫೋನನ್ನು ಕಟ್ಟೆಯ ನಡುವೆ ಇಟ್ಟು ರೆಕಾರ್ಡ್ ಒತ್ತಿದೆ. ಹದಿನೇಳು ನಿಮಿಷ ಸಿಕ್ಕಿದೆ. ಹದಿನೆಂಟನೆಯದರಲ್ಲಿ ಕರೆಂಟ್ ಬಂತು, ಅತ್ತಿಯ ಮಾತು ಅರ್ಧಕ್ಕೆ ಉಳಿದಿದೆ.